ಖಾಯಂ ಗಾಯಾಳು

ಬಟಾಣಿ ಕಾರ್ಖಾನೆಯಲ್ಲಿ ಯಾವ ಅನಾಹುತವಾದರೂ ಅದು ಗುಬ್ಬಕ್ಕನ ಪಾಲಿಗೇ ಬರುತ್ತಿತ್ತು. ಬೆಂಕಿ ಬಿದ್ದರೆ ಕೈ ಸುಟ್ಟುಕೊಳ್ಳುವವಳು ಅವಳು. ಏಣಿ ಜಾರಿದರೆ ಸೊಂಟ ಮುರಿದುಕೊಳ್ಳುವವಳು ಅವಳು. ಕರೆಂಟು ಹೊಡೆದರೂ ಅವಳಿಗೇ ಹೊಡೆಯಬೇಕು. ಇಷ್ಟೆಲ್ಲ ಆದ ಮೇಲೂ ಸಂಜೆ ಪಾಳಿ ಮುಗಿಸಿ, ತರಕಾರಿ ಚೀಲ ಹಿಡಿದು, ನಾದಿನಿಯ ಜೊತೆ ಜಗಳವಾಡುತ್ತ ಮನೆಗೆ ನಡೆದುಹೋಗುತ್ತಿದ್ದಳು. ಏಕೆಂದರೆ ಆ ಅನಾಹುತಗಳೆಲ್ಲ ಸುಳ್ಳು. ಸುರಕ್ಷತಾ ತರಬೇತಿಯ ಕೊನೆಯಲ್ಲಿ ನಡೆಯುವ ಡ್ರಿಲ್ಲಿನಲ್ಲಿ ಗಾಯಾಳುವಿನ ಪಾತ್ರ ಅವಳದು.

ಅವಳಿಗೇ ಏಕೆಂದರೆ, ಅವಳು ಹಗುರ. ಸ್ಟ್ರೆಚರ್ ಹೊರುವ ಕೆಲಸ ಫಿಟ್ಟರ್ ಮತ್ತು ಲೋಡರ್ ಇಬ್ಬರ ಹೆಗಲಿಗೆ ಬಿದ್ದ ದಿನ ಅವರು ಪ್ಯಾಕಿಂಗ್ ವಿಭಾಗದ ಹೆಂಗಸರ ಮೇಲೆ ಒಮ್ಮೆ ಕಣ್ಣಾಡಿಸಿದರು. "ಈ ಅಕ್ಕ ಆಗ್ಬಹುದು ಸಾರ್, ಗುಬ್ಬಿ ಥರ ಇದ್ದಾರೆ" ಎಂದ ಫಿಟ್ಟರ್. ಗಾಯಾಳುವಿನ ಕೆಲಸವೂ ಗುಬ್ಬಕ್ಕ ಎಂಬ ಹೆಸರೂ ಒಂದೇ ದಿನ ಅಂಟಿಕೊಂಡವು. ಆಮೇಲೆ ಎರಡೂ ಬಿಡಲಿಲ್ಲ.

ಈ ನಾಟಕದ ಸೂತ್ರಧಾರರು ಸುರಕ್ಷತಾ ಅಧಿಕಾರಿ. ಎಲ್ಲರ ಬಾಯಲ್ಲಿ ಅವರು ಹೆಲ್ಮೆಟ್ ಸಾಹೇಬರು. ಅವರ ಹಳದಿ ಹೆಲ್ಮೆಟ್ಟಿನ ಮೇಲೆ ಒಂದು ಗೀರೂ ಇರಲಿಲ್ಲ. ತಲೆಯ ಮೇಲೆ ಏನಾದರೂ ಬೀಳುವಂಥ ಜಾಗಕ್ಕೆ ಅವರು ಹೋದರೆ ತಾನೆ ಗೀರು ಬೀಳುವುದು? ಅವರ ತರಬೇತಿ ನಡೆಯುವುದು ಕ್ಯಾಂಟೀನಿನಲ್ಲಿ. ಕಿಟಕಿಗೆ ಪರದೆ ಎಳೆದು, ಗೋಡೆಯ ಮೇಲೆ ಚಿತ್ರ ಬಿಟ್ಟು, ಕೆಲಸಗಾರರಿಗೆ ಬೆನ್ನು ಮಾಡಿ ನಿಂತು, ಅಲ್ಲಿ ಬರೆದದ್ದನ್ನೇ ಗಟ್ಟಿಯಾಗಿ ಓದುತ್ತಿದ್ದರು. ಅಪಾಯವನ್ನು ಗುರುತಿಸಿ. ಅಪಾಯವನ್ನು ತಿಳಿಸಿ. ಅಪಾಯದಿಂದ ದೂರವಿರಿ. ಕತ್ತಲೆ, ತಂಪು, ಒಂದೇ ರಾಗದ ದನಿ. ರಾತ್ರಿ ಪಾಳಿಯಿಂದ ನೇರ ಬಂದವರು ಮೊದಲನೆಯ ಅಪಾಯವನ್ನು ಗುರುತಿಸುವ ಮೊದಲೇ ನಿದ್ದೆ ಹೋಗುತ್ತಿದ್ದರು. ಕೊನೆಗೊಂದು ಪರೀಕ್ಷೆ. "ಎಲ್ಲಾ ಪ್ರಶ್ನೆಗೂ ಎರಡನೇ ಉತ್ತರಕ್ಕೆ ಟಿಕ್ ಹಾಕಿ, ಟೀ ಆರಿ ಹೋಗುತ್ತೆ" ಎಂದು ಸಾಹೇಬರೇ ಹೇಳಿಬಿಡುತ್ತಿದ್ದರು. ಮೇಲ್ವಿಚಾರಕರಿಗೆ ಬೇರೆ ಕೋಣೆ, ಬೇರೆ ದಿನ, ಬೇರೆ ಬಿಸ್ಕತ್ತು. ಪಾಠ ಮಾತ್ರ ಅದೇ, ನಿದ್ದೆಯೂ ಅದೇ.

ಆಮೇಲೆ ಡ್ರಿಲ್ಲು. ಪ್ಯಾಕಿಂಗ್ ಹಾಲಿನ ಬಾಗಿಲ ಪಕ್ಕ, ಕೈ ತೊಳೆಯುವ ನಲ್ಲಿಯ ಬುಡದಲ್ಲಿ, ನೆಲದ ಮೇಲೆ ಒಂದು ಹಳದಿ ವೃತ್ತ ಬಳಿದಿದ್ದರು. ಗಾಯಾಳು ಬೀಳಬೇಕಾದ್ದು ಅಲ್ಲೇ. ಬೇರೆ ಕಡೆ ಬಿದ್ದರೆ ಫೋಟೋದಲ್ಲಿ ಕಂಬ ಅಡ್ಡ ಬರುತ್ತಿತ್ತು. ಸ್ಟ್ರೆಚರ್ ಒಳಹೋಗಿ ಗಾಯಾಳುವನ್ನು ಹೊರತರಲು ಎಷ್ಟು ಹೊತ್ತಾಯಿತೆಂದು ಸಾಹೇಬರು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಿದ್ದರು. ಸ್ಟ್ರೆಚರಿನ ಬೆಲ್ಟುಗಳು ಗುಬ್ಬಕ್ಕನ ಮೈಗೆ ಉದ್ದವಾಗಿ ಜೋಲುತ್ತವೆ, ನೋಡಲು ಅಸಹ್ಯ ಎಂದು ಅವನ್ನೂ ಅವಳ ಅಳತೆಗೆ ಕತ್ತರಿಸಿ ಹೊಲಿಸಿದ್ದರು. ಅನಾಹುತಕ್ಕೆ ಜಾಗವೂ ಅಳತೆಯೂ ಗೊತ್ತುಮಾಡಿದ ಮೇಲೆ ಇನ್ನು ಹೆದರುವುದೇನಿದೆ?

ಹಾಗೆಂದು ಗುಬ್ಬಕ್ಕನನ್ನು ಪಾಪದವಳು ಅಂದುಕೊಳ್ಳಬೇಡಿ. ಅವಳಿಗೆ ಇದರ ರುಚಿ ಹತ್ತಿತ್ತು. ನಿಂತು ನಿಂತು ಬಟಾಣಿ ಆರಿಸುವ ಕಾಲಿಗೆ ಆ ನೆಲ ಹಾಸಿಗೆಯಂತಿತ್ತು. ಮಲಗಿದಲ್ಲಿಂದ ಎದುರು ಗೋಡೆಯ ಮೇಲೆ, ಅಮೋನಿಯಾ ಅನಿಲ ಸೋರಿದರೆ ಏನು ಮಾಡಬೇಕೆಂಬ ಚಿತ್ರಪಟ ನೇರ ಕಾಣುತ್ತಿತ್ತು. ಬೇಸರಕ್ಕೆ ಅದನ್ನು ಓದಿ ಓದಿ ಬಾಯಿಪಾಠ ಮಾಡಿಕೊಂಡಿದ್ದಳು. ನರಳುವುದರಲ್ಲಂತೂ ಪಳಗಿಬಿಟ್ಟಿದ್ದಳು: ಸುಟ್ಟ ಗಾಯಕ್ಕೆ ಹಲ್ಲು ಕಚ್ಚಿದ ಸಿಳ್ಳು, ಮುರಿದ ಮೂಳೆಗೆ ತಡೆತಡೆದು ಬರುವ ಹೂಂಕಾರ, ತಲೆಗೆ ಪೆಟ್ಟಾದರೆ ಪೂರ್ತಿ ಮೌನ. ನೋಟಿಸ್ ಬೋರ್ಡಿನಲ್ಲಿ ಅವಳ ಫೋಟೋ ಇತ್ತು, ಕಣ್ಣು ಮುಚ್ಚಿದ್ದು.

"ಏನು ಅತ್ತಿಗೆ, ಇವತ್ತು ಎಲ್ಲಿ ಮುರ್ಕೊಂಡ್ರಿ?" ಎಂದು ನಾದಿನಿ ಪ್ರತಿ ಡ್ರಿಲ್ಲಿನ ದಿನವೂ ದಾರಿಯುದ್ದಕ್ಕೂ ಕಾಡುತ್ತಿದ್ದಳು.

"ಮೊಣಕಾಲು."

"ಮತ್ತೆ ಚೆನ್ನಾಗೇ ನಡೀತಿದ್ದೀರಲ್ಲ. ನಾಳೆ ಯಾರಾದ್ರೂ ನೋಡಿದ್ರೆ ಕೆಲಸದಿಂದ ತೆಗೀತಾರೆ ನೋಡಿ."

ನಾದಿನಿ ಗುಬ್ಬಕ್ಕನ ಎರಡರಷ್ಟಿದ್ದಳು. ಎತ್ತರ, ಅಗಲ, ದನಿ, ನಗು ಎಲ್ಲವೂ ದೊಡ್ಡವು. ಗಂಡನ ಮನೆಯ ಸಹವಾಸ ಸಾಕೆಂದು ಒಂದು ಪೆಟ್ಟಿಗೆ ಹಿಡಿದು ಅಣ್ಣನ ಮನೆಗೆ ಬಂದಿದ್ದಳು. ಅಣ್ಣ ತಲೆ ಕೆರೆದುಕೊಂಡು ಕೂತಾಗ ಗುಬ್ಬಕ್ಕನೇ ಮೇಲ್ವಿಚಾರಕರ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿ, ಕೋಲ್ಡ್ ರೂಮಿನಲ್ಲಿ ಅವಳಿಗೆ ಕೆಲಸ ಕೊಡಿಸಿದ್ದಳು. "ನನ್ನ ಕಣ್ಣ ಮುಂದೇನೇ ಇರ್ತಾಳೆ. ಅವಳ ಜವಾಬ್ದಾರಿ ನಂದು" ಎಂದು ಗಂಡನಿಗೆ ಮಾತು ಕೊಟ್ಟಿದ್ದಳು. ದಪ್ಪ ಕೋಟು ತೊಟ್ಟು, ಕಿವಿ ಮುಚ್ಚುವ ಟೋಪಿ ಹಾಕಿ, ಹೆಪ್ಪುಗಟ್ಟಿದ ಬಟಾಣಿಯ ಕ್ರೇಟುಗಳನ್ನು ಕೈಗಾಡಿಯ ಮೇಲೆ ಏರಿಸುವುದು ನಾದಿನಿಯ ಕೆಲಸ. ಒಳಗೆ ಫ್ಯಾನುಗಳ ಸದ್ದು ಎಷ್ಟೆಂದರೆ ಸೈರನ್ ಅಲ್ಲ, ಸಿಡಿಲು ಬಡಿದರೂ ಕೇಳಿಸದು. ಇದನ್ನು ನಾದಿನಿ ಒಮ್ಮೆ ತರಬೇತಿಯಲ್ಲಿ ಎದ್ದು ನಿಂತು ಹೇಳಿದ್ದಳು. "ಒಳ್ಳೆಯ ಪ್ರಶ್ನೆ, ಕೊನೆಯಲ್ಲಿ ತಗೊಳ್ಳೋಣ" ಎಂದಿದ್ದರು ಸಾಹೇಬರು. ಕೊನೆಯಲ್ಲಿ ಟೀ ಬಂದಿತ್ತು.

ಹೊರಗಿನಿಂದ ದೊಡ್ಡ ತಪಾಸಣೆಯವರು ಬಂದ ಸಲ ಸಾಹೇಬರಿಗೆ ಬರೀ ನರಳಾಟ ಸಪ್ಪೆ ಅನ್ನಿಸಿತು. "ಸ್ವಲ್ಪ ಭಾವನೆ ಬೇಕಮ್ಮಾ. ಒಂದೆರಡು ಮಾತು ಸೇರಿಸಿ" ಎಂದರು. ಗುಬ್ಬಕ್ಕ ಹಿಂದಿನ ದಿನವೆಲ್ಲ ಪಾತ್ರೆ ತಿಕ್ಕುತ್ತ ಯೋಚಿಸಿದಳು. ಸ್ಟ್ರೆಚರಿನ ಮೇಲೆ ಮಲಗಿಸಿದ ಕೂಡಲೇ ಕೈ ಚಾಚಿ ಕೂಗಿದಳು: "ಅಯ್ಯೋ, ನನ್ನ ಬಿಡ್ರಪ್ಪಾ! ನನ್ನ ನಾದಿನಿ ಒಳಗಿದ್ದಾಳೆ, ಅವಳನ್ನ ಮೊದಲು ತನ್ನಿ!"

ಚಪ್ಪಾಳೆ ಬಿತ್ತು. ತಪಾಸಣೆಗೆ ಬಂದ ಹಿರಿಯರೊಬ್ಬರು ಕಣ್ಣು ಒರೆಸಿಕೊಂಡರು. ಗುಂಪಿನಲ್ಲಿ ನಿಂತು ಬಿಸ್ಕತ್ತು ತಿನ್ನುತ್ತಿದ್ದ ನಾದಿನಿ, "ಈ ಪ್ರೀತಿ ಮನೇಲಿ ಎಲ್ಲಿ ಹೋಗುತ್ತೋ" ಎಂದಳು. ಅಂದಿನಿಂದ ಆ ಮಾತು ಪ್ರತಿ ಡ್ರಿಲ್ಲಿನಲ್ಲೂ ಕಡ್ಡಾಯವಾಯಿತು.

ಸೈರನ್ ಕೂಗಿದ ಆ ಬೆಳಿಗ್ಗೆ ಯಾರೂ ಗಾಬರಿಯಾಗಲಿಲ್ಲ. ಆ ವಾರ ಡ್ರಿಲ್ಲು ಇದೆಯೆಂದು ಬೋರ್ಡಿನಲ್ಲಿ ಹಾಕಿದ್ದರು. ಸೈರನ್ ಕೂಗಿದ ತಕ್ಷಣ ಬಟಾಣಿ ಸಾಗಿಸುವ ಬೆಲ್ಟ್ ನಿಲ್ಲಿಸಿ ಎನ್ನುವುದು ತರಬೇತಿ. "ಬೆಲ್ಟ್ ಮೇಲಿರೋದನ್ನ ಖಾಲಿ ಮಾಡಿ ಹೋಗ್ರಮ್ಮಾ" ಎನ್ನುವುದು ಮೇಲ್ವಿಚಾರಕರ ಪದ್ಧತಿ. ಹೆಂಗಸರು ಬಟಾಣಿ ಬಾಚುತ್ತ ನಿಂತರು. ಗುಬ್ಬಕ್ಕನಿಗೆ ಮಾತ್ರ ಒಂದು ಸಣ್ಣ ಅನುಮಾನ ಬಂತು. ಇವತ್ತು ಏನು ಮುರಿಯಬೇಕು, ಏನು ಸುಡಬೇಕು ಎಂದು ಯಾರೂ ತನಗೆ ಹೇಳಿಯೇ ಇಲ್ಲವಲ್ಲ?

ಅಷ್ಟರಲ್ಲಿ ಮೂಗಿಗೆ ಸೂಜಿ ಚುಚ್ಚಿದಂತಾಯಿತು. ಕೋಲ್ಡ್ ರೂಮಿಗೆ ಹೋಗುವ ಓಣಿಯಲ್ಲಿ, ಆ ರೂಮನ್ನು ತಂಪು ಮಾಡುವ ಅಮೋನಿಯಾದ ಪೈಪಿನ ಕೀಲು ಬಿಟ್ಟುಕೊಂಡಿತ್ತು. ಬಾಚುವುದನ್ನು ಬಿಟ್ಟು ಎಲ್ಲರೂ ಕೆಮ್ಮುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಅಂಗಳಕ್ಕೆ ಓಡಿದರು. ಮೇಲ್ವಿಚಾರಕರು ತಮ್ಮ ಹೆಂಗಸರನ್ನು ಎಣಿಸಿ, ಲೆಕ್ಕ ಸರಿಯಿದೆ ಎಂದರು. ಸರಿಯೇ ಇತ್ತು, ಪ್ಯಾಕಿಂಗ್ ಹಾಲಿನ ಮಟ್ಟಿಗೆ. ಕೋಲ್ಡ್ ರೂಮು ಇನ್ನೊಬ್ಬ ಮೇಲ್ವಿಚಾರಕರದು, ಅವರು ಅವತ್ತು ರಜೆ.

ಗುಬ್ಬಕ್ಕ ಗುಂಪಿನ ತಲೆಗಳ ಮೇಲೆ ಒಂದು ಎತ್ತರದ ತಲೆಗಾಗಿ ಹುಡುಕಿದಳು. ಕಾಣಲಿಲ್ಲ. "ಸಾರ್, ನಮ್ಮ ಹುಡುಗಿ ಬಂದಿಲ್ಲ!" ಎಂದಳು. ಹೆಲ್ಮೆಟ್ ಸಾಹೇಬರು ಗೇಟಿನ ಹತ್ತಿರ, ಗಾಳಿ ಬರುವ ದಿಕ್ಕಿನಲ್ಲಿ ಕ್ಷೇಮವಾಗಿ ನಿಂತು ಫೋನಿನಲ್ಲಿದ್ದರು. ಕೈಯಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿದರು. ಗುಬ್ಬಕ್ಕ ಹಾಲಿನೊಳಕ್ಕೆ ಓಡಿದಳು.

ಬಾಗಿಲಲ್ಲೇ ಕಣ್ಣು ಉರಿದು ನೀರು ಸುರಿಯಿತು. ಚಿತ್ರಪಟದ ಸಾಲು ನೆನಪಾಯಿತು: ಈ ಅನಿಲ ನೀರಿನಲ್ಲಿ ಬಲು ಬೇಗ ಕರಗುತ್ತದೆ, ಮೂಗು ಬಾಯಿಗೆ ಒದ್ದೆ ಬಟ್ಟೆ ಹಿಡಿಯಿರಿ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನಲ್ಲಿಗೆ ಹಿಡಿದಳು. ಕೆಮ್ಮು ಒತ್ತರಿಸಿ ಬಂದು ಮಂಡಿಯೂರಿದಳು. ಅವಳ ಗ್ರಹಚಾರಕ್ಕೆ ಮಂಡಿಯೂರಿದ್ದು ಸರಿಯಾಗಿ ಹಳದಿ ವೃತ್ತದ ನಡುವೆ.

ಫಿಟ್ಟರ್ ಮತ್ತು ಲೋಡರ್ ಸ್ಟ್ರೆಚರ್ ಹಿಡಿದು ನುಗ್ಗಿದ್ದು ಆಗಲೇ. ಇಬ್ಬರೂ ಸೈರನ್ ಕೇಳಿದ್ದೇ ತಡ, ಅಭ್ಯಾಸದಂತೆ ಮುಖಕ್ಕೆ ಮಾಸ್ಕ್ ಬಿಗಿದಿದ್ದರು. ಮಾಸ್ಕ್ ಒಳ್ಳೆಯದೇ ಇತ್ತು, ಅಮೋನಿಯಾವನ್ನು ಪೂರ್ತಿ ಹೀರುತ್ತಿತ್ತು. ಹಾಗಾಗಿ ಇಡೀ ಕಾರ್ಖಾನೆಯಲ್ಲಿ ಇದು ನಿಜವಾದ ಅನಾಹುತ ಎಂದು ಗೊತ್ತಿಲ್ಲದವರು ಇಬ್ಬರೇ, ಕಾಪಾಡಲು ಬಂದ ಆ ಇಬ್ಬರು. ಅವರಿಗೆ ಕಂಡದ್ದು ವೃತ್ತ, ವೃತ್ತದಲ್ಲಿ ಗುಬ್ಬಕ್ಕ. ಎತ್ತಿ ಮಲಗಿಸಿದರು. ಬೆಲ್ಟು ಅವಳಿಗೇ ಹೊಲಿಸಿದ್ದು, ಟಕ್ಕೆಂದು ಕೂತಿತು.

"ಬಿಡ್ರಪ್ಪಾ! ನನ್ನ ನಾದಿನಿ ಒಳಗಿದ್ದಾಳೆ! ಅವಳನ್ನ ಮೊದಲು ತನ್ನಿ!"

"ಸೂಪರ್ ಅಕ್ಕ" ಎಂದ ಮಾಸ್ಕಿನೊಳಗಿಂದ ಲೋಡರ್. "ಇವತ್ತು ಕಣ್ಣೀರು ಬೇರೆ ಬಂದಿದೆ."

"ನಾಟಕ ಅಲ್ಲ ಕಣೋ! ನಿಜವಾಗ್ಲೂ ಒಳಗಿದ್ದಾಳೆ!"

"ಇದು ಹೊಸದಾಗಿ ಸೇರಿಸಿದ್ದಾ? ಚೆನ್ನಾಗಿದೆ, ಚೆನ್ನಾಗಿದೆ" ಎಂದ ಫಿಟ್ಟರ್.

ತಾನೇ ಬರೆದ ಮಾತು, ತಾನೇ ತಿದ್ದಿ ತೀಡಿದ ದನಿ. ಅದಕ್ಕಿಂತ ನಿಜವಾಗಿ ಕೂಗಲು ಅವಳ ಹತ್ತಿರ ಬೇರೆ ದನಿ ಉಳಿದಿರಲಿಲ್ಲ. ಕಾಲು ಕಟ್ಟಿದೆ, ಸೊಂಟ ಕಟ್ಟಿದೆ. ಕೈ ಒಂದು ಬಿಡುವಾಗಿದೆ. ತಲೆಯ ಕಡೆ ಹಿಡಿದಿದ್ದ ಫಿಟ್ಟರನ ಮಾಸ್ಕಿಗೆ ಕೈ ಹಾಕಿ, ಇದ್ದ ಬಲವನ್ನೆಲ್ಲ ಒಗ್ಗೂಡಿಸಿ ಕಿತ್ತೆಳೆದಳು.

ಫಿಟ್ಟರ್ ಒಂದು ಉಸಿರು ಎಳೆದುಕೊಂಡ. ಅಷ್ಟೇ ಸಾಕಾಯಿತು. ಇಷ್ಟು ವರ್ಷದ ತರಬೇತಿ ಕಲಿಸದ್ದನ್ನು ಆ ಒಂದು ಉಸಿರು ಕಲಿಸಿತು. "ಅಯ್ಯಯ್ಯಪ್ಪಾ! ಇದು ನಿಜಾನಾ?"

"ನಿಜ ಕಣಪ್ಪಾ, ನಿಜ!"

ಹೊಸ್ತಿಲಾಚೆ ಅವಳನ್ನು ಇಳಿಸಿ ಬೆಲ್ಟು ಬಿಚ್ಚಿದರು. ದೂರದಲ್ಲಿ ಹೆಲ್ಮೆಟ್ ಸಾಹೇಬರ ಹೆಬ್ಬೆರಳು ತಾನಾಗಿಯೇ ಸ್ಟಾಪ್‌ವಾಚ್ ಒತ್ತಿತು. ಗಾಯಾಳು ಹೊರಗೆ ಬಂದಾಯಿತು. ಅವರ ಮಟ್ಟಿಗೆ ಅನಾಹುತ ಮುಗಿಯಿತು.

ಫಿಟ್ಟರ್ ಮಾಸ್ಕ್ ಮತ್ತೆ ಬಿಗಿದುಕೊಂಡ. ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು ಗುಬ್ಬಕ್ಕನೂ ಅವರ ಬೆನ್ನಿಗೆ ಹೋದಳು. ನಾದಿನಿ ಓಣಿಯಲ್ಲಿ ಮುಖ ಅಡಿಯಾಗಿ ಬಿದ್ದಿದ್ದಳು. ಕೋಲ್ಡ್ ರೂಮಿನ ಒಳಗೇ ಇದ್ದಿದ್ದರೆ ಅದರ ಬಿಗಿ ಬಾಗಿಲು ಅನಿಲ ತಡೆದು ಅವಳನ್ನು ಕಾಯುತ್ತಿತ್ತು. ಸೈರನ್ ಕೇಳಿಸದವಳು ಎಂದಿನಂತೆ ಕೈ ಬೆಚ್ಚಗೆ ಮಾಡಿಕೊಳ್ಳಲು ಹೊರಗೆ ಕಾಲಿಟ್ಟಿದ್ದಳು. ಸ್ಟ್ರೆಚರಿಗೆ ಹೊರಳಿಸಿದರು. ಬೆಲ್ಟು ಅವಳ ಅರ್ಧ ಸೊಂಟಕ್ಕೂ ಬರಲಿಲ್ಲ. ಎತ್ತಿದರು, ಮೊಣಕಾಲೆತ್ತರಕ್ಕೆ ಬಂದು ಮತ್ತೆ ನೆಲ ಕಂಡಿತು. ಗುಬ್ಬಿಯನ್ನು ಹೊತ್ತು ಚಪ್ಪಾಳೆ ಗಿಟ್ಟಿಸಿದ ತೋಳುಗಳು ಸೋತವು.

"ಅವಳ ಕೈಗಾಡಿ ತನ್ನಿ, ಕೈಗಾಡಿ!" ಎಂದು ಗುಬ್ಬಕ್ಕ ಬಟ್ಟೆಯೊಳಗಿಂದ ಕಿರುಚಿದಳು.

ಲೋಡರ್ ಕೈಗಾಡಿ ಮಗುಚಿ ಕ್ರೇಟುಗಳನ್ನು ಕೆಡವಿದ. ಬಟಾಣಿ ಓಣಿಯ ತುಂಬ ಉರುಳಿ ಕಾಲಡಿ ಸಿಕ್ಕಿತು. ಜಾರುತ್ತ, ಬೈದುಕೊಳ್ಳುತ್ತ, ಹೆಪ್ಪುಗಟ್ಟಿದ ಮಾಲು ಸಾಗಿಸುವ ಗಾಡಿಯಲ್ಲಿ ಅವಳನ್ನು ಹೊರಗೆ ತಳ್ಳಿದರು. ಗುಬ್ಬಕ್ಕ ಅಂಗಳದ ಪೈಪು ಹಿಡಿದು ನಾದಿನಿಯ ಕಣ್ಣಿಗೆ ನೀರು ಬಿಟ್ಟಳು. ಸಾಕು ಎಂದವರನ್ನೆಲ್ಲ ಬೈದು, ಆಂಬುಲೆನ್ಸ್ ಬರುವವರೆಗೂ ಬಿಟ್ಟಳು. ನಡುವೆ ಮೇಲ್ವಿಚಾರಕರು ಬಂದು, "ಒಳಗೆ ಬೆಲ್ಟ್ ಯಾರು ಆಫ್ ಮಾಡಿದ್ದು?" ಎಂದು ಕೇಳಿದರು. ಪೈಪಿನ ತುದಿ ಒಂದು ಕ್ಷಣ ಅವರ ಕಡೆ ತಿರುಗಿತು. ಕೈತಪ್ಪಿ ತಿರುಗಿದ್ದೆಂದು ಗುಬ್ಬಕ್ಕ ಇವತ್ತಿಗೂ ಹೇಳುತ್ತಾಳೆ.

ನಾದಿನಿಯ ಕಣ್ಣು ಉಳಿಯಿತು. ದನಿ ಮಾತ್ರ ಒಡೆದು, ಹರಕು ತಗಡಿನಂತಾಯಿತು. ಅವಳಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಕಾರ್ಖಾನೆಗೆ ಸುರಕ್ಷತಾ ಪ್ರಶಸ್ತಿಯ ಫಲಕ ಬಂತು: ನಿಜವಾದ ಅವಘಡದಲ್ಲಿ ಗಾಯಾಳುವನ್ನು ಎರಡು ನಿಮಿಷದೊಳಗೆ ಹೊರತಂದದ್ದಕ್ಕೆ. ಸ್ಟಾಪ್‌ವಾಚ್ ಸುಳ್ಳು ಹೇಳುತ್ತದೆಯೇ? ಆ ಗಾಯಾಳು ಗುಬ್ಬಕ್ಕ. ಅವಳಿಗೊಂದು ಗೋಡೆ ಗಡಿಯಾರ ಕೊಟ್ಟು, ಹೂಗುಚ್ಛ ಹಿಡಿಸಿ ಫೋಟೋ ತೆಗೆದರು. ಈ ಸಲ ಕಣ್ಣು ಬಿಟ್ಟಿತ್ತು, ಆದರೆ ಮುಖ ನೋಡುವಂತಿರಲಿಲ್ಲ.

ನಾದಿನಿ ಕೆಲಸಕ್ಕೆ ಮರಳಿದ ಕೆಲವೇ ವಾರಕ್ಕೆ ಮತ್ತೆ ತರಬೇತಿ ಬಂತು, ಮತ್ತೆ ಎರಡನೇ ಉತ್ತರ, ಮತ್ತೆ ಡ್ರಿಲ್ಲು. ಫಲಕ ನೋಡಲು ಅತಿಥಿಗಳು ಬಂದಿದ್ದರು. ವೃತ್ತಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರು.

"ಬನ್ನಿ ಅಮ್ಮಾ, ಮಲ್ಕೊಳ್ಳಿ. ಆ ನಾದಿನಿ ಮಾತು ಮರೀಬೇಡಿ" ಎಂದರು ಹೆಲ್ಮೆಟ್ ಸಾಹೇಬರು.

"ನಾನು ಮಲಗಲ್ಲ ಸಾರ್" ಎಂದಳು ಗುಬ್ಬಕ್ಕ.

"ಅಂದ್ರೆ? ಗಾಯಾಳು ಇಲ್ದೆ ಹೇಗೆ?"

"ಇದ್ದಾಳಲ್ಲ."

ನಾದಿನಿ ದಪ್ಪ ಕೋಟಿನ ಸಮೇತ ಬಂದು, ನಿಧಾನವಾಗಿ ಕೂತು, ವೃತ್ತದ ತುಂಬ ಮಲಗಿದಳು. ಕಾಲೂ ತಲೆಯೂ ಗೆರೆಯಾಚೆ ಚಾಚಿಕೊಂಡವು.

"ನೀವಲ್ಲಮ್ಮಾ, ಏಳಿ" ಎಂದರು ಸಾಹೇಬರು, ಅತಿಥಿಗಳ ಕಡೆ ಹಲ್ಲು ಕಿರಿಯುತ್ತ.

"ಪ್ರಜ್ಞೆ ತಪ್ಪಿದೆ ಸಾರ್" ಎಂದಿತು ನೆಲದಿಂದ ಹರಕು ದನಿ. "ಏಳಕ್ಕೆ ಆಗಲ್ಲ. ಎತ್ತಿ."

ಫಿಟ್ಟರ್ ಲೋಡರನ ಮುಖ ನೋಡಿದ. ಇಬ್ಬರೂ ಬಗ್ಗಿ ಹಿಡಿದರು, ಎತ್ತಿದರು, ಇಳಿಸಿದರು. ಬೆಲ್ಟಿನ ಎರಡು ತುದಿಗಳು ಅವಳ ಕೋಟಿನ ಮೇಲೆ ಒಂದನ್ನೊಂದು ಮುಟ್ಟಲಾರದೆ ಬಿದ್ದುಕೊಂಡವು. ಅತಿಥಿಗಳು ಕುತ್ತಿಗೆ ಚಾಚಿ ನೋಡಿದರು. ಯಾರೋ ಕಿಸಕ್ಕೆಂದರು. ಸ್ಟಾಪ್‌ವಾಚ್ ಓಡುತ್ತಲೇ ಇತ್ತು.

"ಇನ್ನೂ ಇಬ್ಬರು ಬೇಕು ಸಾರ್" ಎಂದ ಫಿಟ್ಟರ್.

ಗುಬ್ಬಕ್ಕ ಆಗಲೇ ಸ್ಟ್ರೆಚರಿನ ಒಂದು ಮೂಲೆ ಹಿಡಿದಿದ್ದಳು. "ಆ ಕಡೆ ಒಂದು ಕೈ ಹಾಕಿ ಸಾರ್" ಎಂದಳು. "ನಮ್ಮ ಹುಡುಗಿ ಸ್ವಲ್ಪ ಭಾರ."

ಸಾಹೇಬರು ಅತ್ತ ಇತ್ತ ನೋಡಿದರು. ಬೇರೆ ದಾರಿ ಕಾಣದೆ ಸ್ಟಾಪ್‌ವಾಚನ್ನು ಜೇಬಿಗಿಳಿಸಿ ಬಗ್ಗಿದರು. ಬಗ್ಗಿದ ರಭಸಕ್ಕೆ ಹೆಲ್ಮೆಟ್ ಜಾರಿ ನೆಲಕ್ಕೆ ಬಿದ್ದು, ಉರುಳಿ, ನಲ್ಲಿಯ ಕಟ್ಟೆಗೆ ಬಡಿಯಿತು. ನೆಲದ ಮೇಲೆ ಪ್ರಜ್ಞೆ ತಪ್ಪಿದ್ದವಳು ಒಂದು ಕಣ್ಣು ತೆರೆದು, ಹೆಲ್ಮೆಟ್ಟಿಗೆ ಬಿದ್ದ ಗೀರನ್ನು ನೋಡಿ, ಮತ್ತೆ ಮುಚ್ಚಿದಳು.