ಕಾಕಂಬಿ ಡ್ರಮ್ಮು, ನಮ್ಮತ್ತಿ ಎಮ್ಮಿ

ಮೊನ್ನಿ ಯಾರೋ ನನಗೊಂದು ವಿಡಿಯೋ ಕಳಿಸಿದ್ರು. ಜಂಗ ಹತ್ತಿದ ಹಳಿ ಗಾಡಿ ಸಾಮಾನಾ ಕಾಕಂಬಿ ನೀರಾಗ ನೆನಿಯಾಕ ಹಾಕ್ರಿ, ತುಕ್ಕೆಲ್ಲಾ ತಾನ ಬಿಡತೈತಿ, ಕೆಮಿಕಲ್ ಇಲ್ಲ, ಏನೂ ಅಪಾಯ ಇಲ್ಲ ಅಂತ. ಕೆಳಗ ಜನಾ ಸೂಪರ್ ಸೂಪರ್ ಅಂತ ಬರದಿದ್ರು. ನಾ ಅಲ್ಲಿ ಏನೂ ಬರೀಲಿಲ್ಲ. ಇಲ್ಲಿ ಬರ್ಯಾಕತ್ತೇನಿ. ನಗೂ ಮಾತಲ್ಲ, ಮೊದಲ ಹೇಳಿಬಿಡತೇನಿ.

ತೊಂಬತ್ತರ ದಶಕದ ಕೊನೀಗೆ ನಾವು ಮಮದಾಪುರದಾಗ ಇದ್ವಿ. ನಮ್ಮ ಮನಿಯವರದೊಂದು ಹಳಿ ಜೀಪ ಇತ್ತು. ಗೋಕಾಕ–ಮೂಡಲಗಿ ಲೈನಿಗೆ ಪ್ಯಾಸೆಂಜರ್ ಹೊಡೀತಿದ್ರು. ಒಳಗ ಕುರಿ ತುಂಬಿದಂಗ ಮಂದಿ, ಹಿಂದ ಜೋತಬಿದ್ದವರು ಬ್ಯಾರೆ. ಒಂದ ಮಳಿಗಾಲದಾಗ ಜೀಪ ಹಳ್ಳಕ್ಕ ಉಳ್ಳಿ ಅವರ ಕಾಲ ಮುರೀತು. ಕಾಲ ಕೂಡಿ ನಡ್ಯಾಕ ಬರೂದರಾಗ ಇನ್ನೊಂದ ಮಳಿಗಾಲ ಹೋತು. ಅಲ್ಲೀತನಕ ಜೀಪ ಬಯಲಾಗ ನಿಂತಿತ್ತು. ಹೋಗಿ ನೋಡಿದ್ರ ಚಕ್ರದ ಡ್ರಮ್ಮು, ಸ್ಪ್ರಿಂಗಿನ ಪಾಟಾ, ಬೋಲ್ಟು ಎಲ್ಲಾ ಕೆಂಪಗಾಗಿ, ಮುಟ್ಟಿದ್ರ ಹೊಟ್ಟ ಉದರಿದಂಗ ಉದರತಿತ್ತು.

ಅಷ್ಟೂ ದಿನಾ ಮನಿ ನಡಸಿದ್ದು ಯಾರಂತೀರಿ? ಗಂಡ ಅಲ್ಲ, ನಾನಲ್ಲ. ಎಮ್ಮಿ. ನಮ್ಮತ್ತಿ ಹುಕ್ಕೇರಿ ಸಂತಿಗೆ ತಾವ ಹೋಗಿ, ಹಲ್ಲ ನೋಡಿ, ಕೆಚ್ಚಲಕ್ಕ ಕೈ ಹಾಕಿ, ದಲಾಲಿ ಸಂಗಾಟ ಜಗಳಾಡಿ ತಂದ ಎಮ್ಮಿ. ಅದರ ಹಾಲಿನ ಮ್ಯಾಲೆ ನಮ್ಮ ಒಲಿ ಉರೀತಿತ್ತು. ಮೇವ ಹಾಕೂದು, ಮೈ ತಿಕ್ಕೂದು, ಹಿಂಡೂದು ಎಲ್ಲಾ ಅತ್ತೀನ. ನನಗ ಮುಟ್ಟಾಕ ಬಿಡತಿರಲಿಲ್ಲ.

"ನಿನ್ನ ಕೈ ಥಂಡ ಅದಾವವಾ, ಎಮ್ಮಿ ಹಾಲ ಏರಸಿಬಿಡತೈತಿ, ಇಳಸೂದಿಲ್ಲ. ನೀ ನಿನ್ನ ಗಂಡನ ಕಾಲ ತಿಕ್ಕ ಹೋಗ."

ಆಗ ಎಮ್ಮಿ ಈದು ಸ್ವಲ್ಪ ದಿನಾ ಆಗಿತ್ತು, ಭಾಳ ಸೊರಗಿತ್ತು. ದನದ ಡಾಕ್ಟರು ನೋಡಿ, ಮೈಯಾಗ ರಕ್ತಾ ಕಡಿಮಿ ಐತಿ, ಕಬ್ಬಿಣದ ಟಾನಿಕ್ ಕುಡಸ್ರಿ ಅಂತ ಒಂದ ಬಾಟ್ಲಿ ಕೊಟ್ಟ ಹೋಗಿದ್ರು. ಕರ್ರಗ, ದಪ್ಪಗ, ಸಿಹಿ. ಅತ್ತಿ ಮೊದಲ ಬೊಟ್ಟಿಗೆ ಹಚ್ಕೊಂಡು ನೆಕ್ಕಿ ನೋಡಿ ಆಮ್ಯಾಲೆ ಎಮ್ಮಿಗೆ ಹೊಯ್ದ್ರು. ಅವರದು ಅದ ಪದ್ಧತಿ. ತಾವು ನೆಕ್ಕಲಾರದ್ದು ಏನೂ ದನದ ಬಾಯಿಗೆ ಹಾಕತಿರಲಿಲ್ಲ. ನಾಕ ದಿನದಾಗ ಎಮ್ಮಿ ಚಿಗತಂಗ ಆತು. ಬಾಟ್ಲಿ ತೀರಿತು.

ಇತ್ಲಾಗ ನಮ್ಮ ಮನಿಯವರು ಜೀಪ ಬಿಚ್ಚಾಕ ಚಾಲೂ ಮಾಡಿದ್ರು. ಸಂಕೇಶ್ವರದಾಗ ಒಬ್ಬ ಮಿಸ್ತ್ರಿ ಅವರಿಗೆ ಹೇಳಿದ್ದ: ಆಸಿಡ್ ಹಾಕಬ್ಯಾಡ, ಅದು ಜಂಗಿನ ಕೂಡ ಕಬ್ಬಿಣಾನೂ ತಿಂತೈತಿ, ಕಾಕಂಬಿ ನಿಧಾನ, ಆದ್ರ ಜಂಗಷ್ಟ ತಿಂತೈತಿ. ಕಾಕಂಬಿ ಅಂದ್ರ ನಮ್ಮ ಕಡೆ ಯಾರಿಗೂ ಹೊಸಾದಲ್ಲ. ಬೆಲ್ಲಾ ಮಾಡಿ ಉಳ್ಯೂ ಕರೀ ಪಾಕ, ಹಿಂಡಿ ಮ್ಯಾಲೆ ಹಾಕಿದ್ರ ದನಾ ತಾಟ ನೆಕ್ಕತಾವ. ಮೂಡಲಗಿ ಕಡೆ ಒಂದ ಗಾಣಕ್ಕ ಹೋಗಿ ಡಬ್ಬಿಗಟ್ಟಲೆ ತಂದ್ರು. ಹಿತ್ತಲದಾಗ ಅರ್ಧಾ ಕೊಯ್ದ ಪ್ಲಾಸ್ಟಿಕ್ ಡ್ರಮ್ಮಿನ್ಯಾಗ ನೀರ ಕೂಡಿಸಿ ಕದಡಿ, ಸಾಮಾನೆಲ್ಲಾ ಅದರಾಗ ಮುಳಗಿಸಿದ್ರು. ಬ್ಯಾಟ್ರಿ ಕುಂಡ್ರು ತಟ್ಟಿ, ವಾಯರಿನ ತುದಿಗೆ ಇರೂ ಸೀಸದ ಕ್ಲಾಂಪು, ಕೆಂಪ ಬಣ್ಣಾ ಕಿತ್ತ ಪಟ್ಟಿ, ಕೈಗೆ ಸಿಕ್ಕದ್ದೆಲ್ಲಾ.

ಒಂದ ವಾರದಾಗ ಮ್ಯಾಲೆ ನೊರಿ ಬಂತು. ಸೆರೆ ಅಂಗಡಿ ಹಿಂದಿನ ಗಟಾರದ ವಾಸನಿ. ನೊಣಾ ಅಂದ್ರ ನೊಣಾ. ಆದ್ರ ಹೊರಗ ತಗದ ತೊಳದ ಸಾಮಾನಾ ನೋಡಬೇಕಿತ್ರಿ! ಪಾಟಾ ಬೂದಿ ಬಣ್ಣದ್ದಾಗಿ, ಅದರ ಮ್ಯಾಲೆ ಒತ್ತಿದ ನಂಬರ್ ಸುದ್ಧಾ ಕಾಣತಿತ್ತು. ತೊಳದ ಕೂಡ್ಲೇ ಡೀಸೆಲ್ ಒರಸಬೇಕು, ಇಲ್ಲಂದ್ರ ಕಣ್ಣ ಮುಂದ ಮತ್ತ ಕೆಂಪಗಾಕ್ಕೈತಿ. ಇವರಿಗೆ ಹಬ್ಬ. ತಮ್ಮವ್ವನ್ನ ಕರದು ತೋರಿಸಿದ್ರು.

"ನೋಡ ಯವ್ವಾ, ಇದರ ಮೈಯಾಗಿನ ಕೆಟ್ಟ ಕಬ್ಬಿಣಾ ಎಲ್ಲಾ ಈ ನೀರಿಗೆ ಇಳದೈತಿ."

"ಕಬ್ಬಿಣಾ ನೀರಾಗ ಇಳೀತೈತೇನೋ?"

"ಮತ್ತೇನ? ಈಗಿದು ನೀರಲ್ಲ, ಕಬ್ಬಿಣದ ಪಾಕ."

ಇವರು ಹೇಳಿದ್ದು ಜಂಭಕ್ಕ. ಅತ್ತಿ ಕೇಳಿದ್ದು ಎಮ್ಮಿಗೆ.

ಮರದಿನದಿಂದ ದಿನಾ ಒಂದ ಚರಗಿ. ಹತ್ತಿಕಾಳ ಹಿಂಡಿ ಮ್ಯಾಲೆ ಸುರದು ಕಲಸಿ ಇಡತಿದ್ರು. ನಮಗ ಯಾರಿಗೂ ಗೊತ್ತಿಲ್ಲ. ಹಿತ್ತಲದಾಗ ಚರಗಿ ಹಿಡದು ಅಡ್ಡ್ಯಾಡೂ ಮುದುಕಿನ್ನ ಯಾರ ಕೇಳತಾರ?

ಮೊದಲ ಎಮ್ಮಿ ಮೇವ ಬಿಟ್ಟಿತು. ಆಮ್ಯಾಲೆ ಹಲ್ಲ ಕಡ್ಯಾಕ ಹತ್ತಿತು, ಒಳಗ ಮಲಗಿದ್ರೂ ಕರಕರ ಕೇಳಸತಿತ್ತು. ಒಂದ ಮುಂಜಾನಿ ನೋಡತೇವಿ, ಹಣಿ ಗ್ವಾಡಿಗೆ ಒತ್ತಿ ನಿಂತೈತಿ. ಸರಸಿದ್ರ ಸರಿಯೂದಿಲ್ಲ. ಗ್ವಾಡಿ ದೂಡಿ ಆಚಿ ಹೋಗತೇನಿ ಅನ್ನೂವಂಗ ಒತ್ತೂದು, ಹಣಿ ತೊಗಲ ಕಿತ್ತ ರಕ್ತಾ ಬರಾಕತ್ತಿತ್ತು. ಅತ್ತಿ ಅದರ ಕಣ್ಣ ಮುಂದ ಕೈ ಆಡಸಿದ್ರು. ಎಮ್ಮಿ ರೆಪ್ಪಿ ಬಡೀಲಿಲ್ಲ.

ಡಾಕ್ಟರು ಬಂದ್ರು. ಬಾಯಿ ತಗದು ನೋಡಿ, "ಏನ ತಿನಿಸೀರಿ ಬೇ ಇದಕ್ಕ?" ಅಂದ್ರು.

"ನಿಮ್ಮ ಟಾನಿಕ್ ತೀರಿತ್ತರೀ. ಅದಕ್ಕ ನನ್ನ ಮಗನ ಡ್ರಮ್ಮಿನ ಕಬ್ಬಿಣದ ನೀರ ಹಾಕೇನಿ. ನಾನೂ ನೆಕ್ಕಿ ನೋಡೇನ್ರಿ, ಹಂಗ ಐತಿ, ಕರ್ರಗ, ಸಿಹಿ."

ನಮ್ಮ ಮನಿಯವರ ಮಾರಿ ಬಿಳೇದಾತು. ಡಾಕ್ಟರನ್ನ ಹಿತ್ತಲಕ್ಕ ಕರಕೊಂಡ ಹೋದ್ರು. ನಾ ಡಾಕ್ಟರ ಕೈಗೆ ನೀರ ಹಾಕಾಕ ಹಿಂದ ಹೋದೆ. ಡಾಕ್ಟರು ಒಂದ ಕೋಲ ತಗೊಂಡು ಡ್ರಮ್ಮಿನೊಳಗ ಕೆದರಿ, ಆ ಕ್ಲಾಂಪ ಎತ್ತಿದ್ರು. ಅರ್ಧಾ ಸವದಿತ್ತು.

"ಕಬ್ಬಿಣಲ್ಲಪ ಇದು, ಸೀಸಾ. ಸೀಸಾ ಹೊಟ್ಟಿಗೆ ಹೋದ್ರ ದನಾ ಹಿಂಗ ಕುರುಡಾಗಿ ಗ್ವಾಡಿಗೆ ಹಾಯತಾವ. ಇಂಜೆಕ್ಷನ್ ಮಾಡತೇನಿ. ಆದ್ರ ಆಸೆ ಇಟ್ಕೋಬ್ಯಾಡ."

ಇವರು ಒಳಗ ಬಂದು ಅವ್ವನ ಮುಂದ ನಿಂತ್ರು. ಬಾಯಿಗೆ ಬಂದದ್ದು ಬ್ಯಾರೆ.

"ಹಾವ ಕಡದೈತಂತ ಯವ್ವಾ."

ಡಾಕ್ಟರು ನೆಲಾ ನೋಡಿದ್ರು. ನಾ ಎಮ್ಮಿ ನೋಡಿದೆ. ಸಂಜಿಮುಂದ ಅದು ಬಿತ್ತು, ಕಾಲ ಬಡಕೊಂಡು ಬಡಕೊಂಡು ಸತ್ತಿತು.

ಅತ್ತಿ ಅಳಲಿಲ್ಲ. ಬಾಜೂ ಮನಿ ಗಂಡಸರನ್ನ ಕೂಗಿ, ಕಣಕಿ ಬಣಿವಿ ಪೂರಾ ಕೆಡವಿಸಿದ್ರು. ತಳದಾಗೊಂದು ಕೇರಿ ಹಾವ ಇತ್ತು, ಇಲಿ ತಿಂದು ಬದಕೂವಂಥಾದ್ದು, ವಿಷಾ ಇಲ್ಲದ್ದು. ಅದನ್ನ ಬಡಿಗ್ಯಾಗ ಬಡದು ಬಡದು ಮುದ್ದಿ ಮಾಡಿದ್ರು. ನಮ್ಮ ಮನಿಯವರು ಬಾಗಲದಾಗ ನಿಂತು ನೋಡಿದ್ರ ಹೊರತು ಬ್ಯಾಡ ಅನ್ನಲಿಲ್ಲ. ಡ್ರಮ್ ಚೆಲ್ಲಿದ್ರ ಅವ್ವಗ ಸಂಶೆ ಬರತೈತಿ ಅಂತ ಅದಕ್ಕೊಂದು ತಗಡ ಮುಚ್ಚಿ ಸುಮ್ಮನಿದ್ರು.

ಉಳದದ್ದು ಕರಾ. ತಾಯಿ ಹಾಲಿಲ್ಲ, ಮಂದಿ ಮನಿ ಹಾಲ ಬೇಡಿ ತಂದು ಕುಡಸತಿದ್ವಿ. ಹೆಣ್ಣಗರಾ. ಇದೊಂದು ಉಳದ್ರ ಮುಂದ ಮತ್ತ ಎಮ್ಮಿ ಆಕ್ಕೈತಿ ಅಂತ ಅತ್ತಿ ಅದರ ಬಾಜೂ ತಟ್ಟ ಹಾಸಿ ಮಲಗತಿದ್ರು. ಒಂದ ಮುಂಜಾನಿ ನಾ ಕಸಾ ಬಳ್ಯಾಕತ್ತಿದ್ದೆ. ಹಿತ್ತಲದಾಗ ತಗಡ ಸಪ್ಪಳಾತು. ಅತ್ತಿ ಚರಗಿ ಹಿಡದು ಡ್ರಮ್ಮಿಗೆ ಬಗ್ಗ್ಯಾರ.

"ಕರಾ ಭಾಳ ಸೊರಗೇತಿ ತಂಗಿ. ಒಂದ ಗುಟಕ ಕಬ್ಬಿಣದ ನೀರ…"

ನಾ ಬಾಯಿ ತಗಿಯೂದರಾಗ ಇವರು ಕುಂಟಕೋತ ಓಡಿ ಬಂದು ಡ್ರಮ್ಮಿಗೆ ಒದ್ದ್ರು. ಕರೀ ನೀರ ಅಂಗಳದ ತುಂಬ ಹರೀತು, ಒಳಗಿನ ಬೋಲ್ಟು ಪಟ್ಟಿ ಎಲ್ಲಾ ಕಲ್ಲಿನ ಮ್ಯಾಲೆ ಉಳ್ಳಿದ್ವು. ಅತ್ತಿ ಕಾಲ ತೋದು ಹೋಗಿತ್ತು. ಸರೀಲಿಲ್ಲ, ಮಗನ ಮಾರೀನ ನೋಡಿದ್ರು.

"ಹಾವ ಕಡದಿರಲಿಲ್ಲ, ಹೌದಿಲ್ಲೋ?"

ಇವರು ಬಗ್ಗಿ ಉಳ್ಳಿದ ಬೋಲ್ಟ ಆರಸಾಕ ಹತ್ತಿದ್ರು.

"ಅದರಾಗ ಏನ ಹಾಕಿದ್ದಿ ತಮ್ಮಾ?"

"ಸೀಸಾ ಇತ್ತು ಯವ್ವಾ. ನನಗ ಗೊತ್ತಿರಲಿಲ್ಲ. ನೀ ತಗೋತಿ ಅಂತ ನನಗೇನ ಗೊತ್ತು?"

"ನಾ ನೆಕ್ಕಿ ನೋಡಿದ್ದೆನೋ," ಅಂದ್ರು ಅತ್ತಿ. "ಸಿಹಿ ಇತ್ತು."

ಅಷ್ಟ. ಬೈಲಿಲ್ಲ, ಅಳಲಿಲ್ಲ. ಬೈದಿದ್ರ ಛಲೋ ಆಗತಿತ್ತು. ಚರಗಿ ಅಲ್ಲೇ ಇಟ್ಟು, ಕೊಟಗಿಗೆ ಹೋಗಿ, ಕರದ ದಾಬದ ಹಗ್ಗಾ ಬಿಚ್ಚಿ ತಂದು ನನ್ನ ಕೈಯಾಗ ಕೊಟ್ರು.

"ಇನ್ನ ಮ್ಯಾಲೆ ಇದರ ಬಾಯಿಗೆ ಏನ ಹಾಕೂದಿದ್ರೂ ನೀನ ಹಾಕ."

"ಅತ್ತಿ, ನನ್ನ ಕೈ ಥಂಡ ಅಂತಿದ್ರಿ…"

"ಥಂಡ ಇರಲಿ."

ಕರಾ ಬದಕಿತು. ಜೀಪನೂ ಓಡಿತು, ಕೆಲವ ವರ್ಷ. ಅತ್ತಿ ಮಾತ್ರ ಆವತ್ತಿನಿಂದ ಸಾಯೂತನಕ ಯಾವ ದನದ ಮುಂದೂ ಒಂದ ಹಿಡಿ ಮೇವ ಹಾಕಲಿಲ್ಲ. ಕೊಟಗಿ ಬಾಗಲದಾಗ ಕುಂತು, ನಾ ಹಾಕೂದನ್ನ ನೋಡತಿದ್ರು.