ಪಡಸಾಲೆಗೆ ಬಂದ ಕಡಲು

ಅಥಣಿ ಕಡೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕಲೆಗೆ ಬಹಳ ಗೌರವ. ಸಕ್ಕರೆ ಕಾರ್ಖಾನೆಯ ಕ್ಯಾಲೆಂಡರಿಗೆ ಒಂದು ಮೊಳೆ, ಗೊಬ್ಬರದ ಅಂಗಡಿಯವರು ಕೊಟ್ಟ ಗಡಿಯಾರಕ್ಕೆ ಇನ್ನೊಂದು. ಹಿಂದಿನ ವರ್ಷದ ಕ್ಯಾಲೆಂಡರಿಗೂ, ಚಿತ್ರ ಚೆನ್ನಾಗಿದೆ ಎಂದು, ಮತ್ತೊಂದು. ಕೊಲ್ಹಾಪುರದಲ್ಲಿ ಚಿತ್ರಕಲೆ ಕಲಿತು ಬಂದ ಮಗಳಿಗೆ ಮಾತ್ರ ಮೊಳೆ ಸಿಕ್ಕಿರಲಿಲ್ಲ. ನನ್ನ ಚಿತ್ರಗಳು ಅಟ್ಟದ ಮೇಲೆ ಇಲಿಗಳ ಮೆಚ್ಚುಗೆ ಗಳಿಸುತ್ತಿದ್ದವು. ಅಪ್ಪನ ಗೋಡೆಯ ಮೇಲೆ ನನ್ನದೊಂದು ಚಿತ್ರ ಇರಬೇಕು ಎಂಬ ಆಸೆ ಮಾತ್ರ ಹೋಗಿರಲಿಲ್ಲ.

ಹೋದ ವರ್ಷ ಕಾರವಾರದ ಬಳಿ ಮೀನುಗಾರರ ಊರಲ್ಲಿ ಕೂತು ಬರೆದ ಚಿತ್ರವೊಂದನ್ನು ಮನೆಗೆ ಹೊತ್ತು ತಂದೆ. ಕಪ್ಪು ಮೋಡ, ಕದಡಿದ ಕಡಲು, ಬಲೆಯ ಮೇಲೆ ಒಣಹಾಕಿದ ಮೀನನ್ನು ಮಳೆಗೆ ಮುಂಚೆ ಬಾಚಿಕೊಳ್ಳುತ್ತಿರುವ ಹೆಂಗಸರು. ಬಣ್ಣವನ್ನು ಚಾಕುವಿನಲ್ಲಿ ಒರಟಾಗಿ ಬಳಿದಿದ್ದರಿಂದ ಮೀನು ಮೀನಿನಂತೆ ಕಾಣುತ್ತಿರಲಿಲ್ಲ. ಅದೇ ಪುಣ್ಯ. ನಮ್ಮದು ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಸುವ ಮನೆ.

ಅಪ್ಪ ಚಿತ್ರದ ಮುಂದೆ ನಿಂತರು. ಮುಖ ಬಿಗಿಯಿತು.

"ಯಾರ ಮಣೂಕ ಶೆಡ್ ಇದು? ಮಳಿ ಮೈಮ್ಯಾಲ ಬಂದೈತಿ, ಮುಚ್ಚಾಕ ತಾಡಪತ್ರಿ ಎಲ್ಲೈತಿ ಇವರ್ದು?"

ದ್ರಾಕ್ಷಿಯನ್ನು ಬಲೆಯ ಮೇಲೆ ಒಣಗಿಸಿ ಮಣೂಕ ಮಾಡುವವರು ನಾವು. ಆ ದಿನಗಳಲ್ಲಿ ತುಸು ಮೋಡ ಕಂಡರೂ ಅಪ್ಪನಿಗೆ ಊಟ ಸೇರದು. ಕಡಲನ್ನು ಅವರು ಉತ್ತ ಹೊಲ ಎಂದುಕೊಂಡರು. ಸತ್ಯವೇ ಕಲೆಯ ಜೀವ ಎಂದು ಊರೆಲ್ಲ ಸಾರುವ ನಾನು ತೆಪ್ಪಗಿದ್ದೆ. ಸಂಜೆಯೊಳಗೆ ಮೊಳೆ ಬಿತ್ತು, ಅದೂ ದೇವರ ಫೋಟೋದ ಪಕ್ಕದಲ್ಲಿ. ಬಂದವರಿಗೆಲ್ಲ ಅಪ್ಪನೇ ಚಿತ್ರ ವಿವರಿಸತೊಡಗಿದರು.

ದೀಪಾವಳಿಗೆ ಸೋದರತ್ತೆ ಬಂದಳು. ಗೋವಾ ನೋಡಿ ಬಂದಾಕೆ. ಅದನ್ನು ನಾವು ಮರೆಯದಂತೆ ನೋಡಿಕೊಳ್ಳುವಾಕೆ. ಕನ್ನಡಕ ಏರಿಸಿದವಳೇ ಕೂಗಿದಳು.

"ಅಯ್ಯ ಶಿವನ, ಇವು ಮೀನ ಅದಾವಲ್ಲೋ ಅಣ್ಣಾ! ದೇವರ ಬಾಜೂಕ!"

ಅಪ್ಪ ನನ್ನತ್ತ ತಿರುಗಿದರು. "ಹೌದೇನ?"

"ಹೌದ್ರಿ ಅಪ್ಪಾ."

ಇಲಿಗಳಿಗೆ ಹಬ್ಬ ಎಂದುಕೊಂಡೆ.

ಅಪ್ಪ ಆ ಹೆಂಗಸರನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಸುತ್ತಿಗೆ ತಂದು ಎದುರು ಗೋಡೆಗೆ ಹೊಸ ಮೊಳೆ ಹೊಡೆದರು, ಕೈಮುಗಿದು ದೇವರ ಫೋಟೋವನ್ನು ಇಳಿಸಿದರು.

"ದೇವರನ್ಯಾಕ ತಗೀತೀಯೋ? ಇದನ್ನ ತಗಿ!" ಎಂದಳು ಅತ್ತೆ.

"ಇದನ್ನ ಹೆಂಗ ತಗೀಲಿ? ಮಳಿ ಬಂದೈತಿ. ಪಾಪ, ಅವರು ಇನ್ನಾ ಬಾಚಿ ಮುಗಿಸಿಲ್ಲ," ಎಂದರು ಅಪ್ಪ.