ಸೆರಗಿನ ಮೂರು ಗಂಟು

ಅವರ ಸೀರೆಯ ಸೆರಗಿನ ತುದಿ ಇಸ್ತ್ರಿ ಮಾಡಿದ ಹಾಗೆ ನೆಟ್ಟಗಿದ್ದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಯಾವಾಗಲೂ ಒಂದೆರಡು ಗಂಟು ಇರುತ್ತಿತ್ತು. ಬಿಚ್ಚಿದ ಗಂಟಿನ ಜಾಗದಲ್ಲಿ ಬಟ್ಟೆ ಮುದುಡಿ, ಬಣ್ಣ ಮಾಸಿ, ನೂಲು ಎದ್ದಿರುತ್ತಿತ್ತು. ಮರೆಯಬಾರದ್ದೇನಾದರೂ ಇದ್ದರೆ ಸೆರಗಿಗೆ ಗಂಟು ಹಾಕಿಕೊಳ್ಳುವುದು ನಮ್ಮ ಕಡೆಯ ಹೆಂಗಸರ ಹಳೆಯ ರೂಢಿ. ನನ್ನ ಅಜ್ಜಿಯೂ ಹಾಕಿಕೊಳ್ಳುತ್ತಿದ್ದರು, ಆಮೇಲೆ ಯಾಕೆ ಹಾಕಿದ್ದೆಂದು ಮನೆಮಂದಿಯನ್ನೆಲ್ಲ ಕೇಳುತ್ತಿದ್ದರು. ಇವರು ಹಾಗಲ್ಲ. ಒಲೆಗೆ ಸೌದೆ ಹೇಳಬೇಕು ಎಂದು ಒಂದು ಗಂಟು, ಯಾವುದೋ ಮಗುವಿಗೆ ಪೋಲಿಯೊ ಹನಿ ಬಾಕಿ ಎಂದು ಇನ್ನೊಂದು. ಕೆಲಸ ಆದೊಡನೆ ಗಂಟು ಬಿಚ್ಚಿ, ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು.

ಕೆರೆಕಟ್ಟೆ ಕಡೆಯ ಒಂದು ಅಂಗನವಾಡಿಯಲ್ಲಿ ಅವರು ಸಹಾಯಕಿ. ಮಕ್ಕಳನ್ನು ಮನೆಯಿಂದ ಕರೆತರುವುದು, ಅಡುಗೆ ಮಾಡಿ ಬಡಿಸುವುದು, ಮೂಗು ಒರೆಸುವುದು ಎಲ್ಲ ಅವರದೇ. ಮಕ್ಕಳು ಆಯಾ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಎಷ್ಟೋ ದೊಡ್ಡವರಾದ ಅವರು ನನ್ನನ್ನು ಟೀಚರ್ ಎಂದು ಕರೆದು ನನ್ನ ಮುಖ ಕೆಂಪಾಗಿಸುತ್ತಿದ್ದರು.

ಆಗ ನಾನು ಬಿ.ಎಡ್. ಮುಗಿಸಿ, ಸರ್ಕಾರಿ ಕೆಲಸ ಸಿಗದೆ, ಶೃಂಗೇರಿಯ ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿಯ ಮೇಲಿನ ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಹೆದರಿಕೆ ನನ್ನ ಹುಟ್ಟುಗುಣ. ರೂಮಿನ ಬೀಗ ಹಾಕಿ ಮೆಟ್ಟಿಲಿಳಿದು, ಮತ್ತೆ ಹತ್ತಿ ಹೋಗಿ ಬೀಗ ಜಗ್ಗಿ ನೋಡುವವಳು ನಾನು. ಕರಿಹಲಗೆಗೆ ಮುಖ ಮಾಡಿ ನಿಂತಾಗ ಬೆನ್ನ ಹಿಂದೆ ಯಾರಾದರೂ ಕಿಸಕ್ಕೆಂದರೆ ಬರೆಯುತ್ತಿದ್ದ ಸೂತ್ರವೇ ಮರೆಯುತ್ತಿತ್ತು. ಇಂಥವಳ ಬಳಿ ಒಂದು ಭಾನುವಾರ ಈ ಅಕ್ಕ ಬಂದು, ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕೂತು, ತಮ್ಮ ಕತೆ ಹೇಳಿದರು.

ಅವರ ಅಂಗನವಾಡಿಯ ಟೀಚರ್ ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ಸಹಾಯಕಿಗೆ ಎಸ್ಸೆಸ್ಸೆಲ್ಸಿ ಆಗಿದ್ದರೆ ಆ ಕೆಲಸ ಅವರಿಗೇ ಸಿಗಬಹುದಿತ್ತು. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಉಳಿದ ವಿಷಯಗಳನ್ನೆಲ್ಲ ಅವರು ಪಾಸು ಮಾಡಿಕೊಂಡಿದ್ದರು. ಗಣಿತ ಮಾತ್ರ ಎರಡು ಸಲವೂ ಕೈಕೊಟ್ಟಿತ್ತು. ಈ ಸಲವೂ ಆಗದಿದ್ದರೆ ವಯಸ್ಸು ಮೀರುತ್ತದೆ, ಆಮೇಲೆ ಪಾಸಾದರೂ ಪ್ರಯೋಜನವಿಲ್ಲ.

“ಬೇರೆ ಊರಿಂದ ಟೀಚರ್ ಬಂದ್ರೆ ಬರ್ಲಿ, ನಂಗೆಂತ ಹೊಟ್ಟೆಕಿಚ್ಚಿಲ್ಲ,” ಎಂದರು. “ಆದ್ರೆ ನಮ್ಮ ಬಸ್ಸಿನ ಹಣೆಬರಹ ನಿಮಗೆ ಗೊತ್ತಲ್ಲ. ಅವ್ರು ಬರಾದೇ ಇಲ್ಲ. ಮಕ್ಳು ಹಾಡು ಕಲಿಯಾದು ಯಾವಾಗ? ನಾ ಹೇಳ್ಕೊಟ್ರೆ, ನೀ ಅಡುಗೆ ಮಾಡು, ಪಾಠ ನಿನ್ ಕೆಲ್ಸ ಅಲ್ಲ ಅಂತಾರೆ.”

ನಾನು ಧೈರ್ಯ ಹೇಳಬೇಕಿತ್ತು. ನನಗೇ ಧೈರ್ಯವಿರಲಿಲ್ಲ. ಒಬ್ಬರ ಬದುಕಿನ ಕೊನೆಯ ಅವಕಾಶ ನನ್ನ ಸೀಮೆಸುಣ್ಣದ ತುದಿಗೆ ಬಂದು ಕೂತಿತ್ತು.

ಅಂಕಗಣಿತ ಅವರಿಗೆ ಕಷ್ಟವಿರಲಿಲ್ಲ. ವರ್ಗ ಸಮೀಕರಣ ಎಂದರೆ ಮಾತ್ರ ಅವರ ಕೈ ಸೆರಗಿಗೆ ಹೋಗುತ್ತಿತ್ತು. ಪರೀಕ್ಷೆಯಲ್ಲಿ ಅದು ಬಂದೇ ಬರುತ್ತದೆ, ಬಿಟ್ಟರೆ ದಡ ಸೇರುವುದು ಕಷ್ಟ. ಮೊದಲು ಅಪವರ್ತನ ವಿಧಾನ ಹಿಡಿದೆವು. ಗುಣಿಸಿದರೆ ಇಷ್ಟು, ಕೂಡಿದರೆ ಅಷ್ಟು ಬರುವ ಎರಡು ಸಂಖ್ಯೆ ಹುಡುಕಬೇಕು ಎಂದಾಗ, “ಅಂದ್ರೆ ಜಾತಕ ಕೂಡ್ಸಾದು” ಎಂದು ನಕ್ಕರು. ಬೇಗನೇ ಜೋಡಿ ಹುಡುಕಲು ಕಲಿತರು. ಅಲ್ಲಿಯವರೆಗೆ ಎಲ್ಲ ಸುಸೂತ್ರ.

ತೊಂದರೆ ಬಂದದ್ದು ಉತ್ತರದಲ್ಲಿ. ಎಕ್ಸ್ ವರ್ಗ, ಅದರಿಂದ ಎಕ್ಸ್ ಕಳೆ, ಮತ್ತೆ ಹನ್ನೆರಡು ಕಳೆ, ಬಂದದ್ದು ಸೊನ್ನೆ ಎಂಬ ಲೆಕ್ಕ ಕೊಟ್ಟಿದ್ದೆ. ಚೆಂದವಾಗಿ ಬಿಡಿಸಿ ಕೊನೆಗೆ ನಾಲ್ಕು ಎಂದಷ್ಟೇ ಬರೆದಿದ್ದರು.

“ಮೈನಸ್ ಮೂರು ಎಲ್ಲಿ ಹೋಯ್ತು ಅಕ್ಕ?”

“ಬಂದಿತ್ತು. ಬಿಟ್ಟೆ.”

“ಯಾಕೆ?”

“ಮೈನಸ್ ಹೆಂಗೆ ಬರೆಯಾದು ಟೀಚರೇ? ನಮ್ ಸ್ಟಾಕಲ್ಲಿ ಹೆಸ್ರುಬೇಳೆ ಮೈನಸ್ ಮೂರು ಕೆಜಿ ಅಂತ ಬಂದ್ರೆ ಸೂಪರ್‌ವೈಸರ್ ನನ್ನ ಜೀವ ತೆಗೀತಾರೆ. ಇದ್ರೆ ಇದೆ, ಇಲ್ದಿದ್ರೆ ಸೊನ್ನೆ. ಸೊನ್ನೆಗಿಂತ ಕೆಳಗೆ ಎಂತ ಇರ್ತದೆ?”

ಎರಡು ಸಲ ಅವರು ಫೇಲಾದದ್ದು ಯಾಕೆಂದು ಆಗ ನನಗೆ ಗೊತ್ತಾಯಿತು. ವರ್ಷಗಟ್ಟಲೆ ಅಕ್ಕಿ ಬೇಳೆ ಅಳೆದ ಕೈ ಅದು. ಇಲ್ಲದ ಬೇಳೆಯನ್ನು ಬರೆಯಲು ಒಪ್ಪುತ್ತಿರಲಿಲ್ಲ. ಮೈನಸ್ ಬಂದ ಪ್ರತಿ ಲೆಕ್ಕದಲ್ಲೂ ಆ ಮೂಲವನ್ನು, ಅಂದರೆ ಆ ಉತ್ತರವನ್ನು, ನಿಯತ್ತಾಗಿ ಅಳಿಸಿ ಹಾಕುತ್ತಿದ್ದರು. ತಾಳೆ ನೋಡಿ ಎಂದು ಮೈನಸ್ ಮೂರನ್ನು ಸಮೀಕರಣಕ್ಕೆ ಹಾಕಿಸಿದೆ. ಒಂಬತ್ತು, ಕೂಡು ಮೂರು, ಕಳೆ ಹನ್ನೆರಡು. ಸೊನ್ನೆ ಬಂತು. ಅವರು ತಾವೇ ಇನ್ನೊಮ್ಮೆ ಕೂಡಿ ಕಳೆದು ನೋಡಿದರು. “ಹೌದಲ್ಲ ಮಾರಾಯ್ತಿ, ಇದೂ ಸರಿಯೇ,” ಎಂದರು. ಟೀಚರ್ ಎನ್ನುವುದನ್ನು ಮರೆತು ಮಾರಾಯ್ತಿ ಎಂದದ್ದು ನನಗೆ ಬಹಳ ಹಿತವಾಯಿತು.

ಆದರೆ ಮುಂದಿನ ವಾರ ವಯಸ್ಸಿನ ಲೆಕ್ಕ ಬಂತು. ಅಲ್ಲಿ ವಯಸ್ಸು ಋಣವಾಗಲಾರದು ಎಂದು ಬರೆದು ಮೈನಸ್ ಉತ್ತರ ಬಿಡಬೇಕು. ಅವರಿಗೆ ಸಿಟ್ಟೇ ಬಂತು. ಮೊನ್ನೆ ಇಟ್ಟುಕೋ ಎಂದವಳು ಇವತ್ತು ಬಿಸಾಡು ಎನ್ನುತ್ತೀಯಲ್ಲ ಎಂಬ ಹಾಗೆ ನನ್ನನ್ನು ನೋಡಿದರು. ಬಿಡಿಸಿ ಹೇಳಲು ನಾನು ಕರಿಹಲಗೆಯ ಮೇಲೆ ಬರೆದು ಅಳಿಸಿ ಮಾಡುತ್ತಿದ್ದಾಗ ಅವರೇ ದಾರಿ ಕಂಡುಕೊಂಡರು. “ತಡೀರಿ. ಹಾಜರಿ ಕರೆಯುವಾಗ ಹೆಸ್ರು ಎಲ್ಲರದ್ದೂ ಕರೀಬೇಕು. ಬರಲಿಲ್ಲ ಅಂತ ಆಮೇಲೆ ಹಾಕಾದು. ಮೊದ್ಲೇ ಹೆಸ್ರು ಹೊಡೆದು ಹಾಕಬಾರ್ದು. ಹಂಗಲ್ವಾ?”

ಹಾಗೆಯೇ. ಅದಕ್ಕಿಂತ ಸರಳವಾಗಿ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ವರ್ಗ ಪೂರ್ಣಗೊಳಿಸುವ ವಿಧಾನ ಅವರಿಗೆ ಹಿಡಿಸಿತು. ಈ ಕಡೆ ಕೂಡಿಸಿದ್ದನ್ನು ಆ ಕಡೆಯೂ ಕೂಡಿಸಬೇಕು ಎಂದರೆ, “ಒಂದು ಮಗೂಗೆ ಉಂಡೆ ಕೊಟ್ರೆ ಪಕ್ಕದ್ದಕ್ಕೂ ಕೊಡ್ಬೇಕಲ್ಲ” ಎಂದು ಕೂಡಿಸುತ್ತಿದ್ದರು. ಸೂತ್ರ ವಿಧಾನ ಮಾತ್ರ ಅವರನ್ನು ಅಳಿಸುವಷ್ಟು ಕಾಡಿತು. ಸಂಖ್ಯೆಗಳು ಅಪವರ್ತನಕ್ಕೆ ಬಗ್ಗದಿದ್ದಾಗ ಅದೇ ಗತಿ. ಅವರು ತಪ್ಪುತ್ತಿದ್ದದ್ದು ಮೂರು ಜಾಗದಲ್ಲಿ. ಒಂದು, ಬಿ ಯ ಚಿಹ್ನೆ ಬದಲಿಸಲು ಮರೆಯುವುದು. ಇನ್ನೊಂದು, ವರ್ಗಮೂಲದ ಹಿಂದೆ ಕೂಡು ಮಾತ್ರ ಬರೆದು ಕಳೆ ಬಿಡುವುದು. ಮತ್ತೊಂದು, ಕೆಳಗಿನ ಎರಡು ಎ ಯಿಂದ ಇಡೀ ಸಾಲನ್ನು ಭಾಗಿಸದೆ ವರ್ಗಮೂಲವನ್ನಷ್ಟೇ ಭಾಗಿಸುವುದು. ಒಂದು ಭಾನುವಾರ ಬಂದವರೇ ಸೆರಗಿನ ತುದಿ ಎತ್ತಿ ತೋರಿಸಿದರು. ಸಾಲಾಗಿ ಮೂರು ಗಂಟು. ತಪ್ಪಿಗೊಂದು ಗಂಟು. ಬೆರಳಿನಿಂದ ಒಂದೊಂದನ್ನೇ ಮುಟ್ಟಿಕೊಂಡು ಲೆಕ್ಕ ಬಿಡಿಸಿದರು. ತಪ್ಪಲಿಲ್ಲ.

ಪಾಠ ನಡೆಯುವಾಗಲೂ ಅವರ ಒಂದು ಕಿವಿ ಬಸ್ಸಿನ ಕಡೆಗೇ. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಗತಿಯಿಲ್ಲ. ಹಾಗಾಗಿಯೇ ಬಾಗಿಲ ಪಕ್ಕದ ಬೆಂಚು. ಒಮ್ಮೆ ನಾನು, “ನಿಮಗೆ ಹೆದರಿಕೆ ಆಗೋದಿಲ್ವಾ ಅಕ್ಕ, ಈ ಸಲವೂ ಹೋದರೆ?” ಎಂದು ಕೇಳಬಾರದ್ದನ್ನು ಕೇಳಿಬಿಟ್ಟೆ. ಅವರು ಚಪ್ಪಲಿ ಮೆಟ್ಟುತ್ತಿದ್ದರು.

“ಆಗ್ತದೆ. ಆಗ್ಲಿ ಬಿಡಿ. ಅದು ಅದ್ರ ಕೆಲ್ಸ ಮಾಡ್ಲಿ, ನಾವು ನಮ್ ಕೆಲ್ಸ ಮಾಡಣ,” ಎಂದು ಮೆಟ್ಟಿಲಿಳಿದು ಓಡಿದರು.

ಪರೀಕ್ಷಾ ಕೇಂದ್ರ ಕೊಪ್ಪದಲ್ಲಿತ್ತು. ಗಣಿತದ ದಿನ ನಾನೂ ಜೊತೆಗೆ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ, ರೂಮಿನಲ್ಲಿ ಕೂತು ಸಾಯುವುದಕ್ಕಿಂತ ಗೇಟಿನ ಹೊರಗೆ ನಿಂತು ಸಾಯುವುದು ವಾಸಿ ಎನಿಸಿತು ಅಷ್ಟೆ. ಅವರು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಒಂದು ಜೀಪು ಬಂತು. ಕಾಪಿ ಹಿಡಿಯುವ ಸ್ಕ್ವಾಡ್ ಎಂದು ಗೇಟಿನ ಬಳಿ ನಿಂತಿದ್ದ ತಂದೆ ತಾಯಂದಿರೆಲ್ಲ ಪಿಸುಗುಟ್ಟಿದರು. ಬಿಸಿಲು ಏರುತ್ತಿತ್ತು. ನೀರು ಕುಡಿಯಲು ಹೊರಗೆ ಬಂದ ಜವಾನನ ಬಾಯಿಂದ ಸುದ್ದಿ ಹೊರಬಿತ್ತು. ಯಾರೋ ಹೆಂಗಸು ಸಿಕ್ಕಿಬಿದ್ದಿದ್ದಾಳಂತೆ, ಸೆರಗಿನಲ್ಲಿ ಚೀಟಿ ಕಟ್ಟಿಕೊಂಡು ಬಂದಿದ್ದಳಂತೆ.

ಅದು ಅಕ್ಕನೇ ಎಂದು ನನಗೆ ಖಾತ್ರಿಯಾಯಿತು. ಡಿಬಾರ್ ಮಾಡಿದರೆ ಮುಗಿಯಿತು. ಮತ್ತೆ ಕಟ್ಟುವ ಹಾಗಿಲ್ಲ, ವಯಸ್ಸು ಕಾಯುವುದಿಲ್ಲ. ಊರಿನಲ್ಲಿ ಕಾಪಿ ಹೊಡೆದ ಆಯಾ ಎಂಬ ಹೆಸರು ಬೇರೆ. ಅಲ್ಲಿ ಚೀಟಿಯಿಲ್ಲ, ಬರೀ ಗಂಟು ಎಂದು ಕೂಗಿ ಹೇಳಬೇಕೆನಿಸಿತು. ಹೇಳಿದರೆ ಯಾರು ನಂಬುತ್ತಾರೆ? ಗೇಟಿನ ಸರಳು ಹಿಡಿದು ನಿಂತೇ ಇದ್ದೆ. ಜೀಪು ಹೊರಗೆ ಹೋಯಿತು. ಅದರಲ್ಲಿ ಅಕ್ಕ ಇದ್ದಾರೇನೋ ಎಂದು ಬಗ್ಗಿ ನೋಡಿದೆ. ಇರಲಿಲ್ಲ. ಅದರಿಂದಲೂ ಸಮಾಧಾನವಾಗಲಿಲ್ಲ.

ಕೊನೆಯ ಗಂಟೆ ಹೊಡೆದ ಮೇಲೆ ಮಕ್ಕಳ ಗುಂಪಿನ ಹಿಂದೆ ಅವರು ನಿಧಾನವಾಗಿ ಬಂದರು. ಬೆವರಿನಲ್ಲಿ ಕುಂಕುಮ ಇಳಿದಿತ್ತು. ಸೆರಗಿನಲ್ಲಿ ಮೂರು ಗಂಟು ಹಾಗೆಯೇ ಇತ್ತು.

“ಸೆರಗಲ್ಲಿ ಎಂತ ಅಂದ್ರು. ಗಂಟು ಸಾರ್ ಅಂದೆ. ಗಂಟೊಳಗೆ ಎಂತ ಅಂದ್ರು. ಎಂತದೂ ಇಲ್ಲ ಅಂದೆ. ಎಂತದೂ ಇಲ್ದೆ ಯಾರಾದ್ರೂ ಗಂಟು ಹಾಕ್ತಾರಾ ಅಂತ ಮೇಡಂ ಒಬ್ರನ್ನ ಕರ್ದು ಬಿಚ್ಚಿಸಿದ್ರು. ಏನಿರ್ತದೆ? ಬಿಟ್ಟು ಹೋದ್ರು. ಆದ್ರೆ ಬಿಚ್ಚಿದ್ಮೇಲೆ ತಲೆ ಖಾಲಿ ಟೀಚರೇ. ಬಿ ಎಲ್ಲಿ, ಎ ಎಲ್ಲಿ, ಒಂದೂ ಇಲ್ಲ.”

“ಮತ್ತೆ?”

“ಮತ್ತೆಂತ. ಇನ್ನೊಂದ್ ಸಲ ಹಾಕ್ದೆ. ಒಂದೊಂದು ಗಂಟು ಬಿಗಿಯುವಾಗ ಒಂದೊಂದು ವಾಪಸ್ ಬಂತು.”

“ಉತ್ತರ ಎರಡೂ ಬರೆದ್ರಾ?”

“ಇಬ್ರ ಹೆಸ್ರೂ ಕರ್ದೆ,” ಎಂದರು. ಆಮೇಲೆ ಗೋಡೆಗೊರಗಿ ಅತ್ತರು. ನಾನೂ ಅತ್ತೆ. ಶೃಂಗೇರಿ ಬಸ್ಸು ಬಂದದ್ದರಿಂದ ಇಬ್ಬರೂ ಕಣ್ಣೊರೆಸಿಕೊಂಡು ಹತ್ತಿದೆವು.

ಫಲಿತಾಂಶದ ದಿನ ಸೈಬರ್ ಅಂಗಡಿಯಲ್ಲಿ ಅವರ ನಂಬರನ್ನು ಎರಡೆರಡು ಸಲ ತಾಳೆ ನೋಡಿ ಪುಟ ತೆರೆದೆ. ಪಾಸ್. ಸರಿಯಾಗಿ ಗಡಿಯ ಮೇಲೆ, ಒಂದು ಅಂಕ ಕಡಿಮೆಯಾಗಿದ್ದರೂ ಇಲ್ಲ. ಅವರ ಊರಿನ ಅಂಗಡಿಯ ಫೋನು ಎಂದಿನಂತೆ ಸತ್ತಿತ್ತು. ಸಿಕ್ಕಿದ ಬಸ್ಸು ಹತ್ತಿ ಹೊರಟೆ. ನಾನು ಬಾಗಿಲಲ್ಲಿ ನಿಂತಾಗ ಅವರು ಸಾಲಾಗಿ ಕೂತ ಮಕ್ಕಳಿಗೆ ಬಡಿಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ಮುಖ ಬಿಳುಚಿಕೊಂಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಸೌಟು ಹಿಡಿದ ಕೈ ಎತ್ತಿ ತಡೆದರು.

“ಈಗ ಹೇಳ್ಬೇಡಿ. ಏನೇ ಆಗಿದ್ರೂ ಮಕ್ಳ ಊಟ ಮುಗೀಲಿ. ಸಾರು ಬಿಸಿ ಇದೆ, ಕೈ ನಡುಗಿದ್ರೆ ಮಕ್ಳ ಮೇಲೆ ಬೀಳ್ತದೆ.”

ಪಾಸಾದ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಗೋಡೆ ಪಕ್ಕ ಕೂತೆ. ಒಂದು ಮಗು ಎರಡನೆಯ ಸಲ ಅನ್ನ ಕೇಳಿತು. ಇನ್ನೊಂದು ಸಾರು ಚೆಲ್ಲಿಕೊಂಡಿತು. ಎಲ್ಲರ ಕೈ ತೊಳೆಸಿ, ತಟ್ಟೆ ಒಟ್ಟು ಮಾಡಿ, ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನನ್ನ ಮುಂದೆ ಕೂತರು. “ಈಗ ಹೇಳಿ,” ಎಂದು ಕಣ್ಣು ಮುಚ್ಚಿದರು.

ಕೆಲಸ ಅವರಿಗೆ ಸಿಕ್ಕಿತು. ಮಕ್ಕಳು ಮಾತ್ರ ಕಡೆಯವರೆಗೂ ಆಯಾ ಟೀಚರ್ ಎಂದೇ ಕರೆದರಂತೆ. ಮರುವರ್ಷ ನಾನು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಹೊರಟಾಗ ಅವರು ಬಸ್ ನಿಲ್ದಾಣಕ್ಕೇ ಬಂದು ನನ್ನ ವೇಲಿನ ತುದಿಗೆ ಒಂದು ಗಂಟು ಹಾಕಿದರು. ಎಂತಕ್ಕೆ ಎಂದು ಕೇಳಿದರೆ, “ಹೆದ್ರಿಕೆ ಇದ್ರೊಳಗೆ ಇರ್ಲಿ. ಬರ್ದು ಬಂದ್ಮೇಲೆ ಬಿಚ್ಚಿ ತಗೊಳ್ಳಿ,” ಎಂದರು. ನನಗೂ ಕೆಲಸವಾಯಿತು. ನರಸಿಂಹರಾಜಪುರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋದೆ. ಪ್ರತಿ ವರ್ಷ ವರ್ಗ ಸಮೀಕರಣ ಬಂದಾಗ, ಇಬ್ಬರ ಹೆಸರೂ ಕರೆಯಿರಿ, ಹಾಜರಿ ಆಮೇಲೆ ಎನ್ನುತ್ತೇನೆ. ಮಕ್ಕಳು ನಗುತ್ತಾರೆ, ಆದರೆ ಮೈನಸ್ ಮೂಲವನ್ನು ಬಿಡುವುದಿಲ್ಲ.

ಕೆಲವು ವರ್ಷಗಳ ಮೇಲೆ ಅಕ್ಕನಿಗೆ ದೊಡ್ಡ ಕಾಯಿಲೆಯಾಯಿತು. ಆಸ್ಪತ್ರೆಯಲ್ಲಿ ನೋಡಿದಾಗ ಹಾಸಿಗೆಯ ಮೇಲುಹೊದಿಕೆಯ ಮೂಲೆಯಲ್ಲಿ ಗಂಟು ಹಾಕಿಕೊಂಡಿದ್ದರು. ಯಾವುದಕ್ಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅದಾದ ಮುಂದಿನ ವಾರ, ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ, ನನ್ನ ಮೊಬೈಲಿನಲ್ಲಿ ಅವರ ಗಂಡನ ನಂಬರು ಬಂತು. ಆತ ಎಂದೂ ನನಗೆ ಫೋನು ಮಾಡಿದವರಲ್ಲ. ಅಂದು ಬಡಿಸುವ ಸರದಿ ನನ್ನದು. ಕೈಯಲ್ಲಿ ಸಾರಿನ ಸೌಟಿತ್ತು, ಮುಂದೆ ತಟ್ಟೆ ಹಿಡಿದ ಮಕ್ಕಳ ಸಾಲು ಇತ್ತು.

ಫೋನನ್ನು ಹಾಗೆಯೇ ಹೊಡೆದುಕೊಳ್ಳಲು ಬಿಟ್ಟೆ. ಕೊನೆಯ ಹುಡುಗಿಯ ತಟ್ಟೆಗೂ ಬಡಿಸಿದೆ. ಸಾಕಾ ಎಂದು ಕೇಳಿದೆ. ಎಲ್ಲರೂ ಉಂಡು, ಕೈ ತೊಳೆದು ತರಗತಿಗೆ ಹೋದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ವೇಲಿನಲ್ಲಿ ಕೈ ಒರೆಸಿಕೊಂಡು ನಾನೇ ಫೋನು ಮಾಡಿದೆ.

“ಈಗ ಹೇಳಿ,” ಎಂದೆ.